ಜೀರಿಗೆಗೂ ಜೋಳಕ್ಕೂ ನಡುವಿನ ಜೇನು

ಹೆಂಡತಿ ತವರಿಗೆ ಹೋದ ದಿನಗಳನ್ನು ಗಂಡಸರು ತಮ್ಮ ತಮ್ಮ ಸ್ವಭಾವಕ್ಕೆ ತಕ್ಕಂತೆ ಕಳೆಯುತ್ತಾರೆ. ಕೆಲವರು ಎರಡೂ ಹೊತ್ತು ಖಾನಾವಳಿಯ ಎಣ್ಣೆಗಾಯಿ ಉಂಡು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಕೆಲವರು ಟೀವಿಯ ಮುಂದೆ ಅಂಗಾತ ಮಲಗಿ, ಎಂದೋ ಮುಗಿದುಹೋದ ಕ್ರಿಕೆಟ್ ಪಂದ್ಯವನ್ನು ಫಲಿತಾಂಶ ಗೊತ್ತಿದ್ದೂ ನೋಡುತ್ತಾರೆ. ಇನ್ನು ಕೆಲವರು ಹಳೆಯ ಗೆಳೆಯರನ್ನು ಕರೆಸಿ ಇಸ್ಪೀಟು ಹಾಕಿ, ಹಾಸಿದ ಚಾದರಕ್ಕೆ ಚಹಾದ ಕಲೆ ಮಾಡಿ, ಅದನ್ನು ಒಗೆಯಲು ಹೋಗಿ ಇನ್ನಷ್ಟು ಅಗಲ ಮಾಡುತ್ತಾರೆ. ಇವರೆಲ್ಲರೂ ನಿರುಪದ್ರವಿಗಳು. ಮನೆಗೆ ನಿಜವಾದ ಅಪಾಯವಿರುವುದು ನನ್ನಂಥವರಿಂದ. ನಾವು ಆ ದಿನಗಳಲ್ಲಿ ಮನೆಯನ್ನು ಸುಧಾರಿಸಲು ಹೊರಡುತ್ತೇವೆ.

ನಾನು ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಗಂಟಲು ಕೈಕೊಟ್ಟದ್ದರಿಂದ ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು, ಈಗ ಕಲಬುರಗಿ ಕೋಟೆಯ ಕಂದಕದ ಸಮೀಪದ ನಮ್ಮ ಮನೆಯಲ್ಲಿ ಕುಳಿತು ಮುದ್ರಣಾಲಯವೊಂದಕ್ಕೆ ಕರಡು ತಿದ್ದಿಕೊಡುತ್ತೇನೆ. ಧ್ವನಿ ಹೋಯಿತು, ಕೆಂಪು ಶಾಯಿ ಉಳಿಯಿತು. ಅಂಗಡಿಗಳ ಫಲಕಗಳನ್ನೂ ಮದುವೆಯ ಕರೆಯೋಲೆಗಳನ್ನೂ ಕಣ್ಣಿನಿಂದಲೇ ತಿದ್ದುತ್ತ ನಡೆಯುವುದು ನನ್ನ ಅಭ್ಯಾಸ. ಬಜಾರದಲ್ಲಿ ಬದನೆಕಾಯಿ ಕೊಳ್ಳುವಾಗಲೂ ನಾನು ಪುಸ್ತಕದ ಕನ್ನಡದಲ್ಲಿಯೇ ಮಾತನಾಡುತ್ತೇನೆ. ನನ್ನ ಮಾತಿನಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳು ಕೇಳಿಸುತ್ತವೆ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಅದನ್ನು ಅವಳು ಪ್ರಶಂಸೆಯಾಗಿ ಹೇಳುತ್ತಾಳೆಂದು ಬಹುಕಾಲ ನಂಬಿದ್ದೆ.

ಕಳೆದ ಚಳಿಗಾಲದ ಕೊನೆಯಲ್ಲಿ ಗಿರಿಜಾ ಕಮಲಾಪುರದ ತವರಿಗೆ ಹೊರಟಳು. ಅವಳ ಅಣ್ಣನ ಮಗಳಿಗೆ ಚೊಚ್ಚಲ ಬಸಿರು. ಏಳನೆಯ ತಿಂಗಳ ಕುಬಸ, ಎಂದರೆ ಸೀಮಂತ. ರೊಟ್ಟಿ ಬಡಿಯುವುದು, ಶೇಂಗಾ ಹೋಳಿಗೆ ಮಾಡುವುದು, ಸೀರೆಯ ಬಣ್ಣದ ಬಗ್ಗೆ ಜಗಳವಾಡುವುದು ಇತ್ಯಾದಿ ಕೆಲಸಗಳಿಗೆ ಹದಿನೈದು ದಿನ ಬೇಕೆಂದು ಅವಳು ಲೆಕ್ಕ ಹಾಕಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಐತವಾರ ಕುಬಸಕ್ಕ ಬರ್ರಿ. ಅಲ್ಲೀತನಕಾ ಏನೂ ಸುಧಾರಣಾ ಮಾಡಬ್ಯಾಡ್ರಿ" ಎಂದಳು. ಮೊದಲನೆಯ ವಾಕ್ಯವನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ.

ಎರಡನೆಯ ದಿನವೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಅವುಗಳ ಜೋಡಣೆಯಲ್ಲಿ ಯಾವ ಕ್ರಮವೂ ಇರಲಿಲ್ಲ. ಅರಿಶಿನದ ಪಕ್ಕ ಸಾಬುದಾಣಿ, ಅದರ ಪಕ್ಕ ಮೆಂತ್ಯ. ನಾಗರಿಕ ಸಮಾಜದಲ್ಲಿ ಹೀಗಿರಬಾರದು. ಪ್ರತಿಯೊಂದಕ್ಕೂ ಚೀಟಿ ಬರೆದು ಅಂಟಿಸಿ, ಅಕ್ಕಿಯಿಂದ ಆರಂಭಿಸಿ ಹೆಸರುಬೇಳೆಯವರೆಗೆ ಎಲ್ಲವನ್ನೂ ವರ್ಣಮಾಲೆಯ ಕ್ರಮದಲ್ಲಿ ನಿಲ್ಲಿಸಿದೆ. ತರಗತಿ ಸಾಲಾಗಿ ನಿಂತಂತೆ ಕಂಡಿತು, ಯಾರೂ ಮಾತನಾಡುತ್ತಿರಲಿಲ್ಲ. ಆಗ ತೊಗರಿಬೇಳೆಯ ದೊಡ್ಡ ಡಬ್ಬಿಯ ಹಿಂದೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಒಂದು ಗಾಜಿನ ಬಾಟಲಿ ಸಿಕ್ಕಿತು. ಅದು ನನ್ನ ಮಾವನವರ ಜೇನು.

ಅದರ ಕಥೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಮಾವನವರ ಹೊಲದ ಬದುವಿನಲ್ಲಿ ಒಂದು ಹುಣಸೆಮರವಿದೆ. ಪ್ರತಿವರ್ಷ ಅದರಲ್ಲಿ ಜೇನು ಕಟ್ಟುತ್ತಿತ್ತು. ಅದನ್ನು ಇಳಿಸುತ್ತಿದ್ದವನು ಚಂದಮ್ಮನೆಂಬವಳ ಗಂಡ. ಸೋಸಿ ಬಾಟಲಿಗೆ ತುಂಬಿ ಕಮಲಾಪುರದ ಬಸ್‌ನಿಲ್ದಾಣದ ಎದುರು ಕುಳಿತು ಮಾರುತ್ತಿದ್ದವಳು ಚಂದಮ್ಮ. ಮಾವನವರು ತಮ್ಮ ಪಾಲಿನಿಂದ ಒಂದು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕಲಬುರಗಿಯವರೆಗೆ ಬಂದು, "ಮಾಸ್ತರ ಗಂಟಲಿಗಿ" ಎಂದು ಹೇಳಿ ಕೊಟ್ಟು, ಚಹಾ ಕುಡಿದು ಅದೇ ಬಸ್ಸಿಗೆ ಮರಳುತ್ತಿದ್ದರು. ಆರು ವರ್ಷಗಳ ಹಿಂದೆ ಹಾಗೊಂದು ಬಾಟಲಿ ಕೊಟ್ಟುಹೋದವರು ಮತ್ತೆ ಬರಲಿಲ್ಲ. ಎರಡು ತಿಂಗಳಲ್ಲಿ ತೀರಿಕೊಂಡರು. ಅಂದಿನಿಂದ ಗಿರಿಜಾ ನನ್ನ ಗಂಟಲಿಗೆ ಉಪ್ಪುನೀರಿನ ಚಿಕಿತ್ಸೆ ಆರಂಭಿಸಿದಳು. "ಜೇನು ಎಲ್ಲಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ಮುಗೀತಂದ್ರ ಮುಗೀತು ನೋಡ್ರಿ ಅದು. ಮತ್ತ ಎಲ್ಲಿಂದ ತರ್ಬೇಕು?" ಎಂದಿದ್ದಳು. ಆಮೇಲೆ ಕೇಳಿರಲಿಲ್ಲ. ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಿಯೇ ಇತ್ತು.

ಅದಕ್ಕೂ ಒಂದು ಚೀಟಿ ಬರೆದೆ. ವರ್ಣಮಾಲೆಯ ಪ್ರಕಾರ ಜೇನಿನ ಸ್ಥಾನ ಜೀರಿಗೆಗೂ ಜೋಳಕ್ಕೂ ನಡುವೆ. ಇದರಲ್ಲಿ ಎರಡು ಅಭಿಪ್ರಾಯಗಳಿಗೆ ಅವಕಾಶವಿಲ್ಲ. ಅಲ್ಲಿಯೇ ಇಟ್ಟೆ. ಆದರೆ ಆ ಜಾಗ ಪಡುವಣ ಕಿಟಕಿಯ ಪಕ್ಕದಲ್ಲಿದೆ. ಸಂಜೆ ನಾಲ್ಕಕ್ಕೆ ನೋಡಿದರೆ ಬಾಟಲಿಯ ಮೇಲೆ ಬಿಸಿಲು ಬಿದ್ದಿತ್ತು. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಬಿಸಿಲೆಂದರೆ ಜನ್ಮವೈರಿ. ಅದರಿಂದ ಏನನ್ನು ಬಚ್ಚಿಡಬೇಕೆಂಬುದಕ್ಕೆ ನಮ್ಮಲ್ಲಿ ಮಿತಿಯೇ ಇಲ್ಲ. ನಮ್ಮ ಫ್ರಿಜ್ಜಿನಲ್ಲಿ ಹಾಲು, ತರಕಾರಿಗಳ ಜೊತೆಗೆ ಮೇಣದ ಬತ್ತಿಗಳಿವೆ, ಗಿರಿಜಾಳ ಕುಂಕುಮದ ಭರಣಿಯಿದೆ, ನನ್ನ ಚೀಟಿಗಳ ಅಂಟಿನ ಬಾಟಲಿಯೂ ಇದೆ. ಅಂಟು ಹನ್ನೊಂದು ವರ್ಷದಿಂದ ಕೆಟ್ಟಿಲ್ಲ. ಅಂಟಿಗೆ ಸಲ್ಲುವ ರಕ್ಷಣೆ ಮಾವನವರ ಜೇನಿಗೆ ಸಲ್ಲಬೇಡವೇ? ಬಾಟಲಿಯನ್ನು ಎತ್ತಿ ಫ್ರಿಜ್ಜಿನ ಬಾಗಿಲಿನ ಗೂಡಿನಲ್ಲಿಟ್ಟೆ. ಒಂದು ಪವಿತ್ರ ಕರ್ತವ್ಯ ಮಾಡಿದ ಸಮಾಧಾನದಿಂದ ಅಂದು ಎರಡು ಫಾರಮು, ಎಂದರೆ ಮೂವತ್ತೆರಡು ಪುಟ, ಕರಡು ಹೆಚ್ಚು ತಿದ್ದಿದೆ.

ಕುಬಸಕ್ಕೆ ನಾಲ್ಕು ದಿನವಿದ್ದಾಗ, ಬುಧವಾರ, ಗಿರಿಜಾಳ ಫೋನು ಬಂತು. ಹಿನ್ನೆಲೆಯಲ್ಲಿ ರೊಟ್ಟಿ ಬಡಿಯುವ ಸದ್ದು.

"ಏನ್ರಿ, ಊಟ ಆತೇನು? ಬರೂವಾಗ ತೊಗರಿಬ್ಯಾಳಿ ಡಬ್ಬಿ ಹಿಂದ ಒಂದು ಬಾಟ್ಲಿ ಅದ, ಅಪ್ಪಾನ ಧೋತ್ರದಾಗ ಸುತ್ತಿದ್ದು. ಅಪ್ಪಾನ ಜೇನದು. ಹುಷಾರಿಲೆ ತೊಗೊಂಡು ಬರ್ರಿ."

"ಜೇನು ಮುಗಿದಿದೆಯೆಂದು ಹೇಳಿದ್ದೆಯಲ್ಲ?"

"ಮುಗೀತಂದ್ರ ಮುಗೀತು ಅಂದಿದ್ದೆ, ಮುಗದದ ಅಂದಿದ್ದಿಲ್ಲ. ಈ ಹುಡುಗಿ ಸಣ್ಣಾಕಿದ್ದಾಗ ಅಪ್ಪ ಏನಂತಿದ್ದ ಗೊತ್ತದಿಲ್ಲೋ? ನಿನ್ನ ಕುಬಸದಾಗ ನಾನೇ ಜೇನು ತಿನಸ್ತೀನವಾ ಅಂತಿದ್ದ. ಅವನಂತೂ ಇಲ್ಲ. ಅವನ ಹೊಲದ್ದು ಒಂದು ಚಮಚಾ ಆಕಿ ಬಾಯಾಗ ಬೀಳ್ಲಿ ಅಂತ ಇಷ್ಟ್ ದಿನ ಮುಚ್ಚಿಟ್ಟೀನಿ. ಮನ್ಯಾಗ ಎಲ್ಲಾರಿಗೂ ಹೇಳೀನಿ. ನಮ್ಮ ದೊಡ್ಡಕ್ಕ ಈಗೇ ಅಳ್ಲಾಕತ್ಯಾಳ."

ಆರು ವರ್ಷ ಅವಳು ನನ್ನ ಗಂಟಲಿನಿಂದಲೂ ಕಾಪಾಡಿದ್ದ ಬಾಟಲಿ ಅದು. ಫೋನು ಕೆಳಗಿಟ್ಟು ಫ್ರಿಜ್ಜಿನ ಬಾಗಿಲು ತೆರೆದೆ. ಹೊನ್ನಿನ ಬಣ್ಣದ ಜೇನು ಅಲ್ಲಿರಲಿಲ್ಲ. ಬಾಟಲಿಯ ಮುಕ್ಕಾಲು ಭಾಗ ಬೆಳ್ಳಗೆ, ಹರಳು ಹರಳಾಗಿ, ಒದ್ದೆಯಾದ ಸಕ್ಕರೆಯಂತೆ ಗಟ್ಟಿಯಾಗಿ ಕುಳಿತಿತ್ತು. ಬಾಗಿಸಿದೆ, ಅಲುಗಾಡಲಿಲ್ಲ. ತಲೆಕೆಳಗು ಮಾಡಿದೆ, ಆಗಲೂ ಅಲುಗಾಡಲಿಲ್ಲ. ನನ್ನ ತರಗತಿಗಳಲ್ಲಿ ನಾನು ಬಯಸಿಯೂ ಪಡೆಯದಿದ್ದ ನಿಶ್ಚಲತೆ ಅದು.

ಇಂಥ ಹೊತ್ತಿನಲ್ಲಿ ನೆರೆಮನೆಯ ಗುರುಪಾದಪ್ಪನವರನ್ನು ಕರೆಯಬಾರದು, ನಾನು ಕರೆದೆ. ಅವರಿಗೆ ತಿಳಿಯದ ವಿಷಯ ಜಗತ್ತಿನಲ್ಲಿಲ್ಲ. ಬಾಟಲಿ ನೋಡಿ ನಾಲಗೆಯಿಂದ ಚ್ಚು ಚ್ಚು ಎಂದರು. "ಸರ್, ಇದು ಸಕ್ರಿ ಪಾಕ್ರಿ. ಅಸಲಿ ಜೇನು ಎಂದೂ ಗಟ್ಟಿ ಆಗಂಗಿಲ್ಲ. ನಿಮ್ಮ ಮಾವನೋರಿಗೆ ಯಾರೋ ಬರೋಬರಿ ಟೋಪಿ ಹಾಕ್ಯಾರ. ಪರೀಕ್ಷಾ ಮಾಡಿ ನೋಡ್ರಿ ಬೇಕಾದ್ರ."

ಪರೀಕ್ಷೆ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಕೆಂಪು ಪೆನ್ನಿನ ಕಡೆಗೆ ಹೋಗುತ್ತದೆ. ನೋಟುಪುಸ್ತಕದಲ್ಲಿ ಗೆರೆ ಎಳೆದು, ಒಟ್ಟು ಇಪ್ಪತ್ತೈದು ಅಂಕಗಳನ್ನು ನಿಗದಿ ಮಾಡಿದೆ. ಗುರುಪಾದಪ್ಪನವರು ಪ್ರಶ್ನೆಪತ್ರಿಕೆ ರಚಿಸಿದರು. ಬೆಂಕಿಕಡ್ಡಿಯ ತುದಿಯನ್ನು ಜೇನಿನಲ್ಲಿ ಅದ್ದಿ ಗೀರಿದರೆ ಅಸಲಿಯಾದರೆ ಹತ್ತಿಕೊಳ್ಳಬೇಕಂತೆ. ಹತ್ತಲಿಲ್ಲ. ಏಳು ಕಡ್ಡಿ ಗೀರಿದರೂ ಹತ್ತಲಿಲ್ಲ. ನೀರಿನಲ್ಲಿ ಹಾಕಿದರೆ ಕರಗದೆ ತಳಕ್ಕೆ ಹೋಗಬೇಕಂತೆ. ಹೋಯಿತು, ಆದರೆ ಸುತ್ತಲೂ ಒಂದಿಷ್ಟು ಹರಳು ಬಿಟ್ಟಿತು. ಉದಾರವಾಗಿ ಏಳು ಅಂಕ ಕೊಟ್ಟೆ. ಕೊನೆಯದಾಗಿ, ಅಸಲಿ ಜೇನಿನ ಹತ್ತಿರ ಇರುವೆ ಸುಳಿಯುವುದಿಲ್ಲವಂತೆ. ತಟ್ಟೆಯಲ್ಲಿ ಒಂದು ಚೂರು ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಇರುವೆಗಳು ಸಕುಟುಂಬ ಸಪರಿವಾರ ಬಂದು ಕುಳಿತಿದ್ದವು. ಹೋಲಿಕೆಗೆಂದು ಓಣಿಯ ಅಂಗಡಿಯಿಂದ ಒಂದು ಹೊಸ ಬಾಟಲಿ ತಂದು ಅದನ್ನೂ ಪರೀಕ್ಷೆಗೆ ಕೂರಿಸಿದೆವು. ಅದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು. ಆದರೆ ಒಂದು ತೊಟ್ಟು ನಾಲಗೆಯ ಮೇಲಿಟ್ಟುಕೊಂಡಾಗ ನನಗೆ ಮಾವನವರ ನೆನಪಾಗಲಿಲ್ಲ, ಅಂಗಡಿಯವನ ನೆನಪಾಯಿತು. ಇದನ್ನು ಅದಕ್ಕೆ ಬದಲಾಗಿ ಒಯ್ದುಬಿಡುವ ಯೋಚನೆ ಒಂದು ಗಳಿಗೆ ಬಂದಿತ್ತೆಂಬುದನ್ನು ನಾನು ಅಡಗಿಸುವುದಿಲ್ಲ. ಆ ತೊಟ್ಟು ಅದನ್ನು ಅಲ್ಲಿಗೇ ನಿಲ್ಲಿಸಿತು.

ಗುರುಪಾದಪ್ಪನವರು ಹೋದ ಮೇಲೆ ಬಹಳ ಹೊತ್ತು ಕುಳಿತೆ. ಜೇನು ನನ್ನಿಂದ ಕೆಟ್ಟಿದ್ದರೆ ತಪ್ಪೊಪ್ಪಿಕೊಂಡು ಬೈಸಿಕೊಳ್ಳಬಹುದು. ಅದರಲ್ಲಿ ನನಗೆ ಅನುಭವವಿದೆ. ಆದರೆ ಅದು ಮೊದಲಿನಿಂದಲೂ ಸಕ್ಕರೆಪಾಕವೇ ಆಗಿದ್ದರೆ? ಕಣ್ಣು ತುಂಬಿಕೊಂಡು ಕಾಯುತ್ತಿರುವ ಅಕ್ಕತಂಗಿಯರಿಗೆ, 'ನಿಮ್ಮ ತಂದೆ ತೊಡೆಯ ಮೇಲೆ ಹೊತ್ತು ತಂದದ್ದು ಪಾಕ' ಎಂದು ಯಾವ ಬಾಯಿಂದ ಹೇಳುವುದು? ಚಂದಮ್ಮನನ್ನೇ ಕೇಳಿಬಿಡಬೇಕೆಂದು ನಿಶ್ಚಯಿಸಿದೆ.

ಇಲ್ಲಿ ಒಂದು ತೊಡಕಿತ್ತು. ಕಮಲಾಪುರಕ್ಕೆ ನಾನು ಅಳಿಯ. ನಮ್ಮ ಕಡೆ ಅಳಿಯನೆಂದರೆ ಒಂದು ಮನೆಗೆ ಅಳಿಯನಲ್ಲ. ಇಡೀ ಊರಿಗೆ ಅಳಿಯ. ಅವನು ಆ ಊರಿನಲ್ಲಿ ಬಸ್ಸಿಳಿದರೆ ಅತ್ತೆಮನೆಗೆ ಹೋಗಬೇಕು, ಚಹಾ ಕುಡಿಯಬೇಕು, ಊಟ ಬೇಡವೆನ್ನಬೇಕು, ಆಮೇಲೆ ಊಟ ಮಾಡಬೇಕು. ಗುಟ್ಟಾಗಿ ಬಂದು ಗುಟ್ಟಾಗಿ ಹೋಗುವ ಸೌಲಭ್ಯ ಅವನಿಗಿಲ್ಲ. ಆದ್ದರಿಂದ ಗುರುವಾರ ಮಧ್ಯಾಹ್ನ, ಬಾಟಲಿಯನ್ನು ಕೈಚೀಲದಲ್ಲಿಟ್ಟು, ತಲೆ ಮತ್ತು ಮುಖಕ್ಕೆ ಟವೆಲ್ ಸುತ್ತಿ, ತಂಪು ಕನ್ನಡಕ ಹಾಕಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಹತ್ತಿದೆ. ಸೀಟಿನಲ್ಲಿ ಕುಳಿತು ಉಸಿರು ಬಿಡುವಷ್ಟರಲ್ಲಿ ಮುಂದಿನ ಸೀಟಿನ ಅಜ್ಜಿ ತಿರುಗಿ, "ಅಳಿಯಾರು ಹೊಂಟೀರೇನ್ರಿ? ಕುಬಸ ಐತವಾರಲ್ರಿ?" ಎಂದಳು. ನಾನು ಕಿಟಕಿಯಾಚೆಯ ತೊಗರಿ ಹೊಲಗಳನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದೆ.

ಕಮಲಾಪುರದ ಬಸ್‌ನಿಲ್ದಾಣದೆದುರು ಬೇವಿನ ಮರದ ನೆರಳಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ಸಾಲಿದೆ. ಸಾಲಿನ ಕೊನೆಯಲ್ಲಿ ಗೋಣಿಚೀಲ ಹಾಸಿ, ಮುಂದೆ ಐದಾರು ಬಾಟಲಿ ಇಟ್ಟುಕೊಂಡು ಚಂದಮ್ಮ ಕುಳಿತಿದ್ದಳು. ನಾನು ಇನ್ನೂ ಹತ್ತು ಹೆಜ್ಜೆ ದೂರವಿರುವಾಗಲೇ, "ಬರ್ರಿ ಅಳಿಯಾರ. ಆ ಟವೆಲ್ ತೆಗೀರಿ, ಉಸರಾಡ್ಲಾಕರ ಬರ್ತದ" ಎಂದಳು.

"ನಾನೆಂದು ನಿನಗೆ ಹೇಗೆ ತಿಳಿಯಿತು?"

"ಮಾರಿ ಮುಚ್ಚಿದ್ರ ಏನಾತು, ನಡಿಗಿ ಎಲ್ಲಿ ಮುಚ್ತೀರಿ? ಗಂಟಿ ಹೊಡದ ಮ್ಯಾಗ ಕ್ಲಾಸಿಗಿ ಹೊಂಟಾಂಗ ಬರ್ತೀರಿ."

ನಾನು ಬಾಟಲಿಯನ್ನು ಹೊರತೆಗೆದು, ನ್ಯಾಯಾಲಯದಲ್ಲಿ ಸಾಕ್ಷ್ಯವನ್ನಿಡುವಂತೆ ಅವಳ ಮುಂದಿಟ್ಟು, ಮನಸ್ಸಿನಲ್ಲಿ ಮೂರು ಸಲ ತಿದ್ದಿದ್ದ ವಾಕ್ಯವನ್ನು ಹೇಳಿದೆ: "ಚಂದಮ್ಮ, ನಿಜ ಹೇಳಬೇಕು. ಇದರಲ್ಲಿ ಏನು ಬೆರೆತಿದೆ?"

ಅವಳಿಗೆ ಸಿಟ್ಟು ಬರಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದಳು, ಅಡಿಯನ್ನೂ ತಿರುಗಿಸಿ ನೋಡಿದಳು, ಮುಚ್ಚಳ ತೆಗೆದು ಮೂಸಿದಳು. ಅವಳ ಮುಖ ಮೆತ್ತಗಾಯಿತು. "ಇದು ಯಜಮಾನ್ರ ಹುಣಸಿ ಗಿಡದ್ದು. ಆ ವರ್ಷ ಬಾಜೂ ಹೊಲದಾಗೆಲ್ಲಾ ಸೂರ್ಯಪಾನ ಹಾಕಿದ್ರು. ನನ್ನ ಗಂಡ ಇಳಿಸಿದ್ದು ಇದು, ಯಜಮಾನ್ರು ಗಿಡದ ಕೆಳಗ ನಿಂತು ಹುಷಾರೋ, ಹುಷಾರೋ ಅಂತಿದ್ರು." ಸೂರ್ಯಪಾನವೆಂದರೆ ಪುಸ್ತಕದ ಕನ್ನಡದಲ್ಲಿ ಸೂರ್ಯಕಾಂತಿ. ಆಮೇಲೆ ನನ್ನತ್ತ ನೋಡಿದಳು. "ಎಲ್ಲಿಟ್ಟಿದ್ರಿ ಇದಕ್ಕ?"

"ಫ್ರಿಜ್ಜಿನಲ್ಲಿ."

"ಫ್ರಿಜ್ಜಿನ್ಯಾಗ!" ಅವಳು ಪಕ್ಕದ ಬಾಳೆಹಣ್ಣಿನವಳ ಕಡೆಗೆ ತಿರುಗಿದಳು. "ಏ ಮಲ್ಲಮ್ಮ, ಕೇಳಿದೇನ? ಮಾಸ್ತರು ಜೇನಿಗಿ ಫ್ರಿಜ್ಜಿನ್ಯಾಗ ಇಟ್ಟಾರಂತ!"

"ಥಂಡಿ ಹತ್ಯಾದೇಳು ಪಾಪ," ಎಂದಳು ಮಲ್ಲಮ್ಮ, ಹಣ್ಣಿನಿಂದ ಕಣ್ಣು ತೆಗೆಯದೆ. "ಒಂದು ಸ್ವೆಟರ್ ಹಾಕ್ರಿ ಅದಕ್ಕ."

ಹಣ್ಣು ಕೊಳ್ಳಲು ಬಂದಿದ್ದ ಇಬ್ಬರು ಅಪರಿಚಿತರೂ ನಕ್ಕರು. ನಾನು ಬಿಡಲಿಲ್ಲ. ಹಾಗಾದರೆ ಈ ಹರಳು ಸಕ್ಕರೆಯಲ್ಲವೇ ಎಂದು ಕೇಳಿದೆ.

"ಸಕ್ರೀನೇ, ಹೂವಿನ ಸಕ್ರಿ. ಜೇನು ಅಂದ್ರ ಮತ್ತೇನು ಅಂತ ತಿಳದೀರಿ? ಥಂಡಿ ಆದ್ರ ಕೂಡ್ತದ, ಬೆಚ್ಚಗ ಆದ್ರ ಎದ್ದೇಳ್ತದ. ಸೂರ್ಯಪಾನದ ಹೂವಿಂದಂತೂ ಜಲ್ದಿ ಕೂಡ್ತದ. ಕೆಟ್ಟಿಲ್ಲ, ಏನಿಲ್ಲ. ಮನಿಷ್ಯಾ ಥಂಡ್ಯಾಗ ಮುದುಡಿ ಮಲಗಿದ್ರ ಸತ್ತಾನಂತೀರೇನು?"

ನಾನು ಕೈಚೀಲದಿಂದ ನೋಟುಪುಸ್ತಕ ತೆಗೆದು ಪರೀಕ್ಷೆಯ ಫಲಿತಾಂಶಗಳನ್ನು ಓದಿದೆ. ಚಂದಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರಿ ಹಸಿಯಾಗಿರುವಾಗ ಕಡ್ಡಿ ಹೇಗೆ ಹತ್ತಬೇಕು? ಮೇಲಾಗಿ, ಹತ್ತಿದರೂ ಹತ್ತದಿದ್ದರೂ ಅದರಿಂದ ಏನೂ ಗೊತ್ತಾಗುವುದಿಲ್ಲ. ಇರುವೆಯ ವಿಷಯ ಬಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. "ಸಿಹಿ ಇದ್ದಲ್ಲಿ ಇರುವಿ ಬರ್ಲಾರದ ಮತ್ಯಾರು ಬರ್ತಾರ? ನಿಮ್ಮ ಸಾಲಿ ಇನ್ಸ್‌ಪೆಕ್ಟರ್ ಬರ್ತಾರೇನು?"

"ಹಾಗಾದರೆ ಅಸಲಿಯೆಂದು ತಿಳಿಯುವುದು ಹೇಗೆ?"

"ಹೆಂಗ ಅಂದ್ರ? ಯಾವ ಗಿಡದ್ದಂತ ನನಗ ಗೊತ್ತದ. ನಾ ಎಲ್ಲಿ ಕೂಡ್ತೀನಂತ ನಿಮಗ ಗೊತ್ತದ. ಖರಾಬ್ ಬಂದ್ರ ಮರುದಿನ ಬಂದು ಬೈಬಹುದು. ಇವತ್ತ ಬೈಲಾಕೇ ಬಂದೀರಲ್ಲ! ಅಂಗಡಿ ಬಾಟ್ಲಿಗಿ ಬೈಬೇಕಂದ್ರ ಯಾವ ಊರಿಗಿ ಹೋಗ್ತಿದ್ರಿ?"

ಇಪ್ಪತ್ತಾರು ವರ್ಷಗಳಲ್ಲಿ ನಾನು ಅನೇಕ ಉತ್ತರಗಳನ್ನು ಕೇಳಿದ್ದೇನೆ. ಇಷ್ಟು ನೇರವಾದ ಉತ್ತರ ಅಪರೂಪ. ಮುಂದೇನು ಮಾಡಬೇಕೆಂದು ಕೇಳಿದೆ. ಒಲೆಯ ಮೇಲೆ ಇಡಲೇಬಾರದು, ಕುದಿಸಿದರೆ ಜೇನು ಸಾಯುತ್ತದೆ. ಮುಚ್ಚಳ ಬಿಗಿಯಾಗಿರಬೇಕು, ಇಲ್ಲವಾದರೆ ಗಾಳಿಯ ಹಸಿಯನ್ನು ಹೀರಿ ಹುಳಿಯುತ್ತದೆ. ಒದ್ದೆ ಚಮಚ ಹಾಕುವವರ ಕೈ ಮುರಿಯಬೇಕು. ಇಷ್ಟು ಪಾಲಿಸಿದರೆ ಎಷ್ಟು ವರ್ಷ ಬೇಕಾದರೂ ಇರುತ್ತದೆ. ಸದ್ಯಕ್ಕೆ, ಅವಳೆಂದಳು, "ಮಾಳಗಿ ಮ್ಯಾಲ ಬಿಸಲಿಗಿಡ್ರಿ. ಕಲಬುರಗಿ ಬಿಸಲಾಗ ರೋಡಿನ ಡಾಂಬರೇ ಕರಗ್ತದ, ಇದೇನು ಮಹಾ!"

ಚೀಲ ತೆಗೆದುಕೊಂಡು ಎದ್ದಾಗ ಅವಳು ತಡೆದಳು. "ಮನಿಗಿ ಹೋಗ್ಲಾರದೇ ಹೊಂಟೀರಾ? ಅಳಿಯ ಬಂದು ಚಾ ಕುಡೀಲಾರದ ಹೋದ್ರ ಊರ ಮರ್ಯಾದಿ ಏನಾಗಬೇಕು?" ಗಿರಿಜಾಳಿಗೆ ಈ ವಿಷಯ ತಿಳಿಯಬಾರದೆಂದು ನಾನು ಕೈಮುಗಿಯುವುದೊಂದು ಬಾಕಿಯಿಟ್ಟು ಬೇಡಿಕೊಂಡೆ. "ನಾ ಯಾಕ ಹೇಳ್ಲಿ? ನನಗೇನು ಬ್ಯಾರೆ ಕೆಲ್ಸಿಲ್ಲೇನು?" ಎಂದಳು. ಊರ ಮರ್ಯಾದೆಗಾಗಿ ಬಂಡಿಯ ಚಹಾ ತರಿಸಿ, ಅಲ್ಲಿಯೇ ಗೋಣಿಚೀಲದ ಮೇಲೆ ಕೂರಿಸಿ ಕುಡಿಸಿದಳು. ನಾನು ಅವಳಿಂದ ಒಂದು ಹೊಸ ಬಾಟಲಿ ಕೊಂಡೆ. ಯಾವ ಮರದ್ದೆಂದು ಕೇಳಿದೆ, ಹೇಳಿದಳು. ಬೇರೆ ಯಾವ ಪ್ರಶ್ನೆಯೂ ನನ್ನ ಬಳಿ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಬಾಟಲಿ ಹಿಡಿದು ಮಾಳಿಗೆ ಹತ್ತಿದರೆ ಆಕಾಶದ ತುಂಬ ಮೋಡ. ಐವತ್ತಮೂರು ವರ್ಷ ನಾನು ಈ ಊರಿನ ಬಿಸಿಲನ್ನು ಶಪಿಸಿದ್ದೇನೆ. ಕೊಡೆ ಹಿಡಿದಿದ್ದೇನೆ, ಕಿಟಕಿಗೆ ಒದ್ದೆ ಗೋಣಿ ಕಟ್ಟಿದ್ದೇನೆ, ರಜೆಯ ಅರ್ಜಿಯಲ್ಲಿ ಅದನ್ನೇ ಕಾರಣವಾಗಿ ಬರೆದಿದ್ದೇನೆ. ಜೀವನದಲ್ಲಿ ಮೊದಲ ಬಾರಿಗೆ ಅದರಿಂದ ಒಂದು ಉಪಕಾರ ಬೇಕಾಗಿತ್ತು; ಅದು ಬರಲಿಲ್ಲ. ಪಕ್ಕದ ಮಾಳಿಗೆಯಿಂದ ಗುರುಪಾದಪ್ಪನವರು, "ಏನ್ ಸರ್, ಎಷ್ಟ್ ಥಂಡ ಹವಾ ಅದ ನೋಡ್ರಿ!" ಎಂದು ಎದೆಯುಬ್ಬಿಸಿ ಉಸಿರೆಳೆದರು. ಸಂಜೆಯವರೆಗೆ ಮೋಡಗಳ ಕೆಳಗೆ ಬಾಟಲಿಯ ಪಕ್ಕದಲ್ಲಿ ಕುಳಿತಿದ್ದೆ. ಅದೂ ಬಿಳಿ, ನಾನೂ ಬಿಳಿ. ಉಳಿದದ್ದು ಒಂದೇ ದಿನ.

ಶನಿವಾರ ಬೆಳಗ್ಗೆ ಎಂಟಕ್ಕೆ ಸೂರ್ಯ ಬಂದ. ಹಿಂದಿನ ದಿನದ ಗೈರುಹಾಜರಿಗೆ ಪರಿಹಾರವೆಂಬಂತೆ, ಬೇಸಿಗೆಯ ಮುಂಗಡವನ್ನೂ ಸೇರಿಸಿ ಬಂದ. ಬಾಟಲಿಯನ್ನು ತಟ್ಟೆಯಲ್ಲಿಟ್ಟು, ಇರುವೆಗಳು ಬಾರದಂತೆ ತಟ್ಟೆಯ ಸುತ್ತ ನೀರು ಹಾಕಿ, ನನಗೆ ಮಾತ್ರ ಕೊಡೆ ಹಿಡಿದುಕೊಂಡು ಅರ್ಧ ಗಂಟೆಗೊಮ್ಮೆ ಪರಿಶೀಲಿಸಿದೆ. ಹತ್ತೂವರೆಗೆ ಅಂಚು ಸಡಿಲವಾಯಿತು. ಹನ್ನೆರಡಕ್ಕೆ ಗಾಜಿನೊಳಗೆ ಒಂದು ಹೊನ್ನಿನ ಎಳೆ ಇಳಿಯಿತು. ಎರಡು ಗಂಟೆಯ ಹೊತ್ತಿಗೆ ಬಾಗಿಸಿದರೆ ಇಡೀ ಜೇನು ನಿಧಾನವಾಗಿ, ಗಂಭೀರವಾಗಿ, ಮಾವನವರು ಬಸ್ಸಿನ ಮೆಟ್ಟಿಲಿಳಿಯುತ್ತಿದ್ದಂತೆ ಬಾಟಲಿಯ ಈ ಬದಿಯಿಂದ ಆ ಬದಿಗೆ ಬಂತು. ನಾನು ಅಲ್ಲಿಯೇ, ಕಾದ ಮಾಳಿಗೆಯ ಮೇಲೆ, ಕೊಡೆ ಮಡಚಿ ಪಕ್ಕಕ್ಕಿಟ್ಟು ಕುಳಿತುಬಿಟ್ಟೆ. ನೆತ್ತಿ ಸುಡುತ್ತಿತ್ತು, ಸುಡಲೆಂದು ಬಿಟ್ಟೆ. ಈ ಊರಿನ ಬಿಸಿಲಿಗೆ ನಾನು ಮಾಡಿದ ಮೊದಲ ನಮಸ್ಕಾರ ಅದು.

ಭಾನುವಾರ ಕುಬಸದ ಮನೆಯಲ್ಲಿ ಗಿರಿಜಾ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಕುಳಿತಿದ್ದ ಹುಡುಗಿಯ ಬಾಯಿಗೆ ಒಂದು ಚಮಚ ಹಾಕಿದಳು. ಒಣ ಚಮಚ, ನಾನು ಗಮನಿಸಿದೆ. ಹುಡುಗಿ ಕಣ್ಣುಮುಚ್ಚಿ ನುಂಗಿ, "ಅತ್ತಿ, ಇದು ಅಜ್ಜಾನ ಹೊಲದ್ದೇ" ಎಂದಳು. ಬಾಟಲಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡರು. ನನ್ನ ಎದೆಯ ಮೇಲಿನ ಕಲ್ಲು ಅಷ್ಟು ಹೊತ್ತಿಗೆ ಇಳಿಯಿತು. ಇಳಿದು ಎರಡು ನಿಮಿಷವೂ ಆಗಿರಲಿಲ್ಲ, ಗಿರಿಜಾಳ ದೊಡ್ಡಕ್ಕ ಬಾಟಲಿಯನ್ನು ಎತ್ತಿ ಅಡಿಯನ್ನು ನೋಡುತ್ತ, "ಇಲ್ಲೇನೋ ಕೆಂಪ ಅಕ್ಷರದಾಗ ಬರ್ದದಲ್ಲ" ಎಂದಳು. ಕನ್ನಡಕ ಸರಿಮಾಡಿಕೊಂಡು ಎಲ್ಲರಿಗೂ ಕೇಳಿಸುವಂತೆ ಓದಿದಳು: "ಇಪ್ಪತ್ತೈದಕ್ಕೆ ಏಳು. ಅನುತ್ತೀರ್ಣ."

ಕೆಳಗೆ ನನ್ನ ಸಹಿಯಿತ್ತು, ದಿನಾಂಕವಿತ್ತು. ಬುಧವಾರ ಸಂಜೆ ಅಭ್ಯಾಸಬಲದಿಂದ ಫಲಿತಾಂಶದ ಚೀಟಿ ಬರೆದು ಅಂಟಿಸಿದ್ದೆ. ಅಂಟಿಸಿದ ಕೈ ಅದನ್ನು ಮರೆತಿತ್ತು. ಒಂದು ದಿನದ ಪೂರ್ತಿ ಬಿಸಿಲಿಗೂ ಅದು ಕಿತ್ತುಬಂದಿರಲಿಲ್ಲ. ಫ್ರಿಜ್ಜಿನಲ್ಲಿಟ್ಟ ಅಂಟಿನ ಗುಣವದು.

ನಾನು ನೆಲ ನೋಡಿದೆ. ಮೂಲೆಯಲ್ಲಿ ಊಟಕ್ಕೆ ಕುಳಿತಿದ್ದ ಚಂದಮ್ಮ, "ನಾ ಅವತ್ತೇ ನೋಡಿದ್ದೆ ಆ ಕೆಂಪ ಶಾಯಿ. ನಾ ಏನೂ ಹೇಳಿಲ್ರಿ ಮತ್ತ" ಎಂದಳು. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಮೊದಲು ನಕ್ಕವಳು ಗಿರಿಜಾ. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. "ಅಪ್ಪಗೂ ಬಿಟ್ಟಿಲ್ಲಲ್ರಿ ನೀವು! ಅಪ್ಪಗೂ ಫೇಲ್ ಮಾಡೀರಿ!" ಆಮೇಲೆ ಇಡೀ ಮನೆ ನಕ್ಕಿತು. ನಾನು ಫ್ರಿಜ್ಜಿನಿಂದ ಹಿಡಿದು ಮೋಡದವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಕೇಳಿ ಮುಗಿಸಿ ಅವಳೆಂದಳು, "ಅದು ಪ್ರತಿ ವರ್ಷ ಥಂಡ್ಯಾಗ ಕೂಡ್ತದ. ನೀವು ಕರಡು ತಿದ್ಲಾಕ ಕೂತಾಗ ನಾ ಮಾಳಗಿ ಮ್ಯಾಲ ಇಟ್ಟು ಬರ್ತೀನಿ."

"ಆರು ವರ್ಷದಲ್ಲಿ ಒಮ್ಮೆಯೂ ನನಗೆ ಹೇಳಲಿಲ್ಲವಲ್ಲ?"

"ಹೇಳಿದ್ರ ಅದಕ್ಕ ಮಾರ್ಕ್ಸ್ ಹಾಕ್ತಿದ್ರಿ."

ಹೀಗೆಂದವಳು ಬಾಟಲಿಯ ಕೊರಳಲ್ಲಿ ಉಳಿದದ್ದನ್ನು ಚಮಚಕ್ಕೆ ಬಗ್ಗಿಸಿ ನನ್ನ ಬಾಯಿಯ ಹತ್ತಿರ ತಂದಳು. "ತೊಗೋರಿ. ಅವ ತಂದಿದ್ದು ಮಾಸ್ತರ ಗಂಟಲಿಗಿ." ಆರು ವರ್ಷದ ಮೇಲೆ ಆ ರುಚಿ ನನ್ನ ಗಂಟಲಲ್ಲಿ ಇಳಿಯಿತು.

ಮನೆಗೆ ಮರಳಿದ ಮೇಲೆ ಗಿರಿಜಾ ಒಂದೇ ಬೆಳಗಿನಲ್ಲಿ ನನ್ನ ವರ್ಣಮಾಲೆಯನ್ನು ಚದುರಿಸಿದಳು. ಅರಿಶಿನದ ಪಕ್ಕಕ್ಕೆ ಸಾಬುದಾಣಿ ಮರಳಿತು. ಒಂದನ್ನು ಮಾತ್ರ ಬಿಟ್ಟಳು. ಚಂದಮ್ಮನ ಹೊಸ ಬಾಟಲಿ ಈಗ ಪಡುವಣ ಕಿಟಕಿಯ ಪಕ್ಕ, ಜೀರಿಗೆಗೂ ಜೋಳಕ್ಕೂ ನಡುವೆಯೇ ನಿಂತಿದೆ. ಥಂಡಿ ಮುಗಿಯುವವರೆಗೆ ಅಲ್ಲಿಯೇ ಇರಲಿ, ಸಂಜೆಯ ಇಳಿಬಿಸಿಲು ಬೀಳುತ್ತದೆ ಎಂದಳು. ಅಂದರೆ ಮೊದಲ ದಿನ ನಾನು ಇಟ್ಟ ಜಾಗವೇ ಸರಿಯಾಗಿತ್ತು. ಅಲ್ಲಿಗೇ ಕೈಕಟ್ಟಿ ಕುಳಿತಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮಾವನವರ ಬಾಟಲಿಯ ಅಡಿಯ ಚೀಟಿಯಲ್ಲಿ ಏಳನ್ನು ಹೊಡೆದುಹಾಕಿ ಇಪ್ಪತ್ತೈದು ಎಂದು ತಿದ್ದಿ, ಪಕ್ಕದಲ್ಲಿ ಕಿರುಸಹಿ ಹಾಕಿದ್ದೇನೆ. ನನ್ನ ವೃತ್ತಿಜೀವನದಲ್ಲಿ ನಾನು ಒಪ್ಪಿಕೊಂಡ ಏಕೈಕ ಮರುಮೌಲ್ಯಮಾಪನ ಅದು. ಹೊಸ ಬಾಟಲಿಗೆ ಯಾವ ಚೀಟಿಯನ್ನೂ ಅಂಟಿಸಿಲ್ಲ. ಅಂಟಿಸಿಲ್ಲವೆಂಬುದನ್ನು ಮಾತ್ರ, ದಿನಾಂಕ ಸಹಿತ, ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.